ಹಿಡಿತ ಗಟ್ಟಿ ಅದ, ಟೊಂಕ ಯಾಕ ಸೋಲ್ತದ?

ತಮ್ಮಾ, ಸೇಡಂದಿಂದ ನೀ ಕೇಳಿದ್ದು ಓದಿದೆ. ಜಿಮ್‌ನಾಗಿನ ಹಿಡಿತದ ಮೀಟರ್ 52 ಕೆಜಿ ತೋರ್ಸ್ತದ, ಆದ್ರ ಪ್ಲ್ಯಾಂಕ್ (ಮೊಣಕೈ, ಕಾಲ್ಬೆರಳಿನ ಮ್ಯಾಲ ಮೈ ನೆಟ್ಟಗ ಹಿಡಿಯೂದು) ಮಾಡಿದ್ರ 40 ಸೆಕೆಂಡಿಗೇ ಮೈ ನಡಗ್ತದ, ತೊಗರಿ ಚೀಲ ಎತ್ತಿದ ದಿನ ಟೊಂಕ ಹಿಡಕೋತದ. ಹಿಡಿತ ಇನ್ನೂ ಬೆಳಸಿದ್ರ ಟೊಂಕ ತಾನೇ ಗಟ್ಟಿ ಆಗ್ತದೇನು ಅಂತ ಕೇಳೀದಿ. ಆಗೂದಿಲ್ಲ. ಎರಡಕ್ಕೂ ನಂಟು ಅದ ಖರೆ, ಆದ್ರ ಒಂದನ್ನ ಸಾಕಿದ್ರ ಇನ್ನೊಂದು ತಾನೇ ಬೆಳ್ಯಾಂಗಿಲ್ಲ.

ನಂಟು ಎಂಥಾದು ಅಂತ ಈಗೇ ಮಾಡಿ ನೋಡು. ನೆಟ್ಟಗ ನಿಂತು ಎಡಗೈ ಹೊಕ್ಕಳದ ಬಾಜೂಕ ಇಡು. ಬಲಗೈ ಮುಟಗಿ ಮೊದಲು ಸಡ್ಲ ಕಟ್ಟು, ಆಮ್ಯಾಲ ತಾಕತ್ತಿದ್ದಷ್ಟು ಬಿಗಿ. ಮುಂಗೈ, ರಟ್ಟಿ, ಭುಜ ದಾಟಿ ಹೊಟ್ಟಿ ಸ್ನಾಯುನೂ ಬಿಗಿಯೂದು ಎಡಗೈಗೆ ತಿಳೀತದ. ಒಂದು ಕಡೆ ಜೋರು ಹಾಕಿದ್ರ ನರದ ಸಂದೇಶ ಅಕ್ಕಪಕ್ಕದ ಸ್ನಾಯುಗೂ ಹರೀತದ. ಇಂಗ್ಲೆಂಡಿನ ವಿಜ್ಞಾನಿ ಚಾರ್ಲ್ಸ್ ಶೆರಿಂಗ್ಟನ್ ನೂರು ವರ್ಷದ ಹಿಂದೇ ಇದನ್ನ ವಿವರಿಸಿದ್ರು. ಅದಕ್ಕೇ ಚೀಲದ ಮೂಲಿ ಗಚ್ಚಂಗ ಹಿಡಿದು, ಮೈ ಬಿಗಿ ಮಾಡ್ಕೊಂಡೇ ಎತ್ತಬೇಕು.

ಆದ್ರ ಮೀಟರ್ ಅಳಿಯೂದು ಮೂರ್ನಾಕು ಸೆಕೆಂಡಿನ ಜೋರು. ಟೊಂಕಕ್ಕ ಬೇಕಾದದ್ದು ತಾಳಿಕಿ. ನಾನು ಹತ್ತಿ ಕಟಗಿ ಕಿತ್ತ ದಿನಗಳು ನೆನಪದಾವ. ಸಂಜೀಗೂ ಕೈ ಬುಡ ಹಿಡಿದು ಜಗ್ಗತಿತ್ತು, ಅಂಗೈ ಗುಳ್ಳಿ ಒಡದಿದ್ರೂ ಬಿಡತಿರಲಿಲ್ಲ. ಬಗ್ಗಿದ ಬೆನ್ನು ಮಾತ್ರ ಮ್ಯಾಲ ಏಳಲಾಕ ಒಲ್ಲೆ ಅಂತಿತ್ತು. ಗಂಜಿನ (ಕಾಳಿನ ಪ್ಯಾಟಿಯ) ಹಮಾಲರು ಕೊಕ್ಕಿ ಹಾಕಿ ಚೀಲ ಎಳೆಯೂದು ನೋಡೀದಿಲ್ಲ? ಕೊಕ್ಕಿ ಬೆರಳಿನ ದಣಿವು ಉಳಸ್ತದ, ಭಾರ ಹೊರೂದು ಬೆನ್ನೇ.

2015ರಾಗ 17 ದೇಶಗಳ ಸುಮಾರು 1.4 ಲಕ್ಷ ಜನರ ಅಧ್ಯಯನ ಬಂತು, ನಮ್ಮ ದೇಶದವರೂ ಅದ್ರಾಗ ಇದ್ದರು. ಹಿಡಿತ ಪ್ರತಿ 5 ಕೆಜಿ ಕಮ್ಮಿ ಆದಂಗ ಸಾವಿನ ಅಪಾಯ 16 ಶೇಕಡಾ ಜಾಸ್ತಿ ಕಂಡಿತ್ತು. ಇದನ್ನ ಓದಿ ಭಾಳ ಮಂದಿ ಸ್ಪ್ರಿಂಗ್ ಗ್ರಿಪ್ಪರ್ ಕೊಂಡು ಒತ್ತಲಾಕ ಹತ್ಯಾರ. ಹಿಡಿತ ಇಡೀ ಮೈಯಿನ ಸುದ್ದಿ ಹೇಳ್ತದ, ಅಷ್ಟೇ. ಥರ್ಮಾಮೀಟರ್ ತಣ್ಣೀರಾಗ ಇಟ್ರ ಜ್ವರ ಇಳೀತದೇನು?

ನೀ ಮೊದಲು ಬೆನ್ನಿನ ತಾಳಿಕಿ ಅಳಿ. ನೋವಿಲ್ಲದ ದಿನ ಮಂಚದ ಮ್ಯಾಲ ಬೋರಲ ಮಲಗು. ಟೊಂಕದ ಮ್ಯಾಲಿನ ಮೈ ಅಂಚಿನ ಹೊರಗ ಇರಲಿ, ಕಾಲು ಯಾರರೆ ಹಿಡೀಲಿ. ಕೈ ಎದಿ ಮ್ಯಾಲ ಕಟ್ಟಿ ಮೈ ನೆಲಕ್ಕ ಸಮ ಹಿಡಿ. ಇದು 1984ರಾಗ ಡೆನ್ಮಾರ್ಕಿನ ಸಂಶೋಧಕ ಬೀರಿಂಗ್-ಸೋರೆನ್ಸನ್ ಬಳಸಿದ ಪರೀಕ್ಷೆ. ಎಷ್ಟು ಸೆಕೆಂಡ್ ತಾಳ್ತದ ಅಂತ ಎಣಸು, 240 ಸೆಕೆಂಡ್ ಆದ್ರ ನಿಲ್ಲಸ್ತಾರ. ಆಮ್ಯಾಲ ಎಡ, ಬಲ ಮಗ್ಗಲಿನ ಪ್ಲ್ಯಾಂಕ್ (ಒಂದೇ ಮೊಣಕೈ ಊರಿ ಮಗ್ಗಲಾಗಿ ಮೈ ನೆಟ್ಟಗ ಹಿಡಿಯೂದು) ಎಷ್ಟೆಷ್ಟು ಸೆಕೆಂಡ್ ಅಂತ ಬರಕೋ. ಎರಡೂ ಮಗ್ಗಲು ಹೆಚ್ಚು ಕಮ್ಮಿ ಸಮ ಇರಬೇಕು.

ಪ್ಲ್ಯಾಂಕ್ 40 ಸೆಕೆಂಡ್ ನಡಗಕೋತ ಎಳೀಬ್ಯಾಡ. 10 ಸೆಕೆಂಡ್ ಚಲೋ ಹಿಡಿ, ಬಿಡು, ಹಂಗ ಆರು ಸಲ.

ಎರಡನ್ನೂ ಕೂಡಿಸಿ ಬೆಳಸೂದಕ್ಕ ನನಗ ಸೇರಿದ್ದು ಬಕೀಟಿನ ನಡಿಗಿ. ಒಂದು ಲೀಟರ್ ನೀರು ಒಂದು ಕೆಜಿ, ತೂಕದ ಲೆಕ್ಕ ಸರಳ. 15 ಲೀಟರ್ ತುಂಬಿ ಬಲಗೈಯಾಗ ಒಂದೇ ಬಕೀಟು ಹಿಡಿದು 30 ಹೆಜ್ಜಿ ನಡಿ. ಭಾರ ಬಲಕ್ಕ ಜಗ್ಗತದ, ಎಡ ಪಕ್ಕಡಿ ನಿನ್ನ ನೆಟ್ಟಗ ಹಿಡೀಲಾಕ ದುಡೀತದ. ಭುಜ ವಾಲ್ತು ಅಥವಾ ನೀರು ತುಳುಕ್ತು ಅಂದ್ರ ಅಲ್ಲೇ ಇಳಸು. ಕೈ ಬದಲಿಸಿ ಮತ್ತ 30. ದಿನ ಬಿಟ್ಟು ದಿನ ನಾಕು ಸುತ್ತು ಸಾಕು, ವಾರಕ್ಕ ಒಂದು ಲೀಟರ್ ಏರಸು. ನಮ್ಮ ಬ್ಯಾಸಗಿ ಬಿಸಲಾಗ ಮಾಡಬ್ಯಾಡ. ಬೆವರಿಗೆ ಹಿಡಿಕಿ ಜಾರ್ತದ, ನಸುಕಿನ್ಯಾಗೇ ಮುಗಸು.

ಉಸರು ಕಟ್ಟಬ್ಯಾಡ, ಬಿಪಿ ಇದ್ದವರಂತೂ ಕಟ್ಟಲೇಬಾರದು. ಟೊಂಕದ ನೋವಿನ ಜೊತಿ ಕಾಲಿಗೆ ಜೋಮು ಇಳೀಲಾಕ ಹತ್ತಿದ್ರ ಬಕೀಟು ಬಿಟ್ಟು ಡಾಕ್ಟರ್ ಕಡೆ ಹೋಗು. ಆರು ವಾರ ಆದಮ್ಯಾಲ ಬೆನ್ನು, ಎಡ ಮಗ್ಗಲು, ಬಲ ಮಗ್ಗಲು, ಮೂರರ ಸೆಕೆಂಡಿನ ಲೆಕ್ಕನೂ ಇಲ್ಲಿ ಹಾಕು, ನೋಡಿ ಮುಂದಿಂದು ಹೇಳ್ತೀನಿ.