ಫ್ಯಾಂಟಸಿ ಫುಟ್‌ಬಾಲ್ ಡ್ರಾಫ್ಟಿಗೆ ವೈಡ್ ರಿಸೀವರ್‌ಗಳನ್ನು ಹೇಗೆ ಅಳೆಯಬೇಕು, ಯಾರನ್ನು ಮೇಲಿಡಬೇಕು?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ: ಅಮೆರಿಕಕ್ಕೆ ಬಂದು ವರ್ಷವಾಗಿದೆ, ಆಫೀಸಿನವರು 12 ಜನರ ಫ್ಯಾಂಟಸಿ ಲೀಗಿಗೆ (ನಿಜವಾದ ಪಂದ್ಯಗಳಲ್ಲಿ ನಮ್ಮ ಆಟಗಾರರು ಮಾಡಿದ್ದಕ್ಕೆ ನಮಗೆ ಪಾಯಿಂಟ್ ಸಿಗುವ ಆಟ) ಸೇರಿಸಿಕೊಂಡಿದ್ದಾರೆ, ಕ್ರಿಕೆಟ್ ಚೆನ್ನಾಗಿ ಗೊತ್ತು, ಎನ್‌ಎಫ್‌ಎಲ್ (ಅಮೆರಿಕನ್ ಫುಟ್‌ಬಾಲ್ ಲೀಗ್) ಅಷ್ಟಕ್ಕಷ್ಟೆ. ಆಗಸ್ಟ್ ಕೊನೆಗೆ ಡ್ರಾಫ್ಟ್, ಅಂದರೆ ಸರದಿಯಂತೆ ಆಟಗಾರರನ್ನು ಆರಿಸಿಕೊಳ್ಳುವ ದಿನ. ಚೆಂಡು ಹಿಡಿದು ಓಡುವ ರನ್ನಿಂಗ್ ಬ್ಯಾಕ್‌ಗಳ ಬಗ್ಗೆ ಹೇಗೋ ಒಂದು ಅಂದಾಜು ಸಿಕ್ಕಿದೆ, ಆದರೆ ಎಸೆದ ಪಾಸ್ ಹಿಡಿಯುವ ನೂರು ಜನ ವೈಡ್ ರಿಸೀವರ್‌ಗಳ ಪಟ್ಟಿ ನೋಡಿದರೆ ಎಲ್ಲಿಂದ ಶುರು ಮಾಡೋದು ಅಂತಲೇ ತಿಳಿಯುತ್ತಿಲ್ಲ.

ನಾನು ನ್ಯೂಜೆರ್ಸಿಯಲ್ಲಿದ್ದೇನೆ. ಇಂಥದ್ದೇ ಒಂದು ಆಫೀಸ್ ಲೀಗಿನಲ್ಲಿ 2012ರಿಂದ ಆಡುತ್ತಿದ್ದೇನೆ. ಇಷ್ಟು ವರ್ಷದಲ್ಲಿ ನನ್ನ ಕೈ ಹಿಡಿದ ಲೆಕ್ಕ ಒಂದೇ: ಎಷ್ಟು ಕ್ಯಾಚ್ ಹಿಡಿದ, ಎಷ್ಟು ಟಚ್‌ಡೌನ್ (ಚೆಂಡಿನೊಂದಿಗೆ ಎದುರಾಳಿಯ ಕೊನೆಯ ಗೆರೆ ದಾಟುವುದು) ಮಾಡಿದ ಅಂತ ನೋಡುವ ಮೊದಲು, ಅವನ ಕಡೆಗೆ ಎಷ್ಟು ಸಲ ಚೆಂಡು ಎಸೆದರು ಅಂತ ನೋಡಿ. ಇದಕ್ಕೆ ಟಾರ್ಗೆಟ್ ಅನ್ನುತ್ತಾರೆ. ಉಳಿದದ್ದೆಲ್ಲ ಇದರ ಬೆನ್ನಿಗೇ ಬರುತ್ತದೆ.

ಡ್ರೀಮ್ ಇಲೆವೆನ್ ಆಡಿ ಅಭ್ಯಾಸವಿದ್ದರೆ ಆ ಲೆಕ್ಕ ಇಲ್ಲಿಗೆ ತರಬೇಡಿ. ಅಲ್ಲಿ ಪ್ರತಿ ಪಂದ್ಯಕ್ಕೂ ಹೊಸ ತಂಡ, ಕೊಹ್ಲಿಯನ್ನು ಲಕ್ಷ ಜನ ಒಟ್ಟಿಗೇ ಇಟ್ಟುಕೊಳ್ಳಬಹುದು. ಇಲ್ಲಿ ಒಬ್ಬ ಆಟಗಾರ ಇಡೀ ಲೀಗಿನಲ್ಲಿ ಒಬ್ಬರಿಗೇ ಸೇರಿದವನು. ರಿಸೀವರ್ ಜಮಾರ್ ಚೇಸ್‌ನನ್ನು ನಿಮ್ಮ ಆಫೀಸಿನ ಮ್ಯಾನೇಜರ್ ತಗೊಂಡುಬಿಟ್ಟರೆ ಆ ಸೀಸನ್ನಿಗೆ ಅವನ ಆಸೆ ಬಿಟ್ಟ ಹಾಗೆಯೇ. ಐಪಿಎಲ್ ಹರಾಜಿಗೆ ಇದು ಹತ್ತಿರ. ನಿಮ್ಮ ಸರದಿ ಬಂದಾಗ ಮೇಜಿನ ಮೇಲೆ ಯಾರು ಉಳಿದಿದ್ದಾರೆ, ಅವರಲ್ಲಿ ಯಾರನ್ನು ಬಿಟ್ಟರೆ ಮುಂದಿನ ಸುತ್ತಿಗೆ ಅಂಥವನು ಸಿಗುವುದಿಲ್ಲ ಅನ್ನೋದೇ ಕೆಲಸ.

ಪಟ್ಟಿಗೆ ಕೈ ಹಾಕುವ ಮೊದಲು ಲೀಗಿನ ನಿಯಮದ ಪುಟ ತೆರೆದು ಓದಿ. ಒಂದು ವರ್ಷ ನಾನು ಅದನ್ನು ಓದದೆ, ಹೋದ ವರ್ಷದ್ದೇ ಇರುತ್ತದೆ ಅಂದುಕೊಂಡು ಪಟ್ಟಿ ಮಾಡಿಕೊಂಡು ಕೂತೆ. ಬೇಸಿಗೆಯಲ್ಲಿ ಎಲ್ಲರೂ ಮತ ಹಾಕಿ ಕ್ಯಾಚಿಗಿದ್ದ ಪಾಯಿಂಟ್ ತೆಗೆದುಹಾಕಿದ್ದರು. ಮೂರನೇ ವಾರದಲ್ಲಿ ಸ್ಕೋರು ಕಡಿಮೆ ಯಾಕೆ ಅಂತ ಹುಡುಕಿದಾಗಲೇ ನನಗೆ ಗೊತ್ತಾದದ್ದು. ಇಡೀ ಸೀಸನ್ ಅದರ ಬೆಲೆ ತೆತ್ತೆ.

ಸಾಮಾನ್ಯವಾಗಿ ಕ್ಯಾಚ್‌ಗಳಿಂದ ಮುಂದೆ ಸಾಗಿದ ಪ್ರತಿ 10 ಯಾರ್ಡಿಗೆ 1 ಪಾಯಿಂಟ್, ಟಚ್‌ಡೌನಿಗೆ 6. ಪ್ರತಿ ಕ್ಯಾಚಿಗೂ 1 ಪಾಯಿಂಟ್ ಸೇರಿದರೆ ಅದು ಪಿಪಿಆರ್ (ಪಾಯಿಂಟ್ ಪರ್ ರಿಸೆಪ್ಷನ್), ಅರ್ಧ ಸೇರಿದರೆ ಹಾಫ್ ಪಿಪಿಆರ್. ಈ ಒಂದು ಪಾಯಿಂಟಿಗೆ ಎಷ್ಟು ತೂಕ ಅಂತ 2024ರ ಇಬ್ಬರನ್ನು ನೋಡಿ ತಿಳಿದುಕೊಳ್ಳಿ. ಸಿಯಾಟಲ್‌ನ ಜಾಕ್ಸನ್ ಸ್ಮಿತ್-ಎನ್‌ಜಿಗ್ಬಾ 100 ಕ್ಯಾಚ್, 1,130 ಯಾರ್ಡ್, 6 ಟಚ್‌ಡೌನ್. ಟಾಂಪಾ ಬೇಯ ಮೈಕ್ ಎವನ್ಸ್ 74 ಕ್ಯಾಚ್, 1,004 ಯಾರ್ಡ್, 11 ಟಚ್‌ಡೌನ್. ಪಿಪಿಆರ್ ಲೀಗಿನಲ್ಲಿ ಮೊದಲನೆಯವನಿಗೆ 249, ಎವನ್ಸ್‌ಗೆ 240.4. ಕ್ಯಾಚಿನ ಪಾಯಿಂಟ್ ತೆಗೆದರೆ ಎವನ್ಸ್‌ಗೆ 166.4, ಸ್ಮಿತ್-ಎನ್‌ಜಿಗ್ಬಾಗೆ 149. ಅದೇ ಆಟ, ಅದೇ ಸೀಸನ್, ಮೇಲಿದ್ದವನು ಕೆಳಗೆ ಬಂದ. ಹಾಗಾಗಿ ಇಂಟರ್‌ನೆಟ್ಟಿನಲ್ಲಿ ಸಿಗುವ ಯಾವುದೇ ಪಟ್ಟಿಯನ್ನು ತೆರೆದ ಕೂಡಲೇ ಅದು ಯಾವ ನಿಯಮಕ್ಕೆ ಮಾಡಿದ್ದು ಅಂತ ನೋಡಿ, ಆಮೇಲೆ ಹೆಸರು ಓದಿ. (ಎವನ್ಸ್‌ನ ಆ 1,004ರ ಬಗ್ಗೆ ಹೇಳದೆ ಮುಂದೆ ಹೋಗಲು ಮನಸ್ಸು ಬರುತ್ತಿಲ್ಲ. ಸೀಸನ್ನಿನ ಕೊನೆಯ ಪಂದ್ಯದ ಕೊನೆಯ ಆಟದಲ್ಲಿ 9 ಯಾರ್ಡಿನ ಒಂದು ಕ್ಯಾಚ್ ಹಿಡಿದು ಸಾವಿರ ದಾಟಿದ. ಸತತ 11ನೇ ಸಾವಿರ ಯಾರ್ಡಿನ ಸೀಸನ್ ಅದು, ಜೆರ್ರಿ ರೈಸ್ ದಾಖಲೆಗೆ ಸಮ. ಪಂದ್ಯ ಗೆದ್ದಾಗಿತ್ತು, ಆದರೂ ಬೆಂಚಿನಲ್ಲಿದ್ದವರೆಲ್ಲ ಮೈದಾನಕ್ಕೆ ಓಡಿ ಬಂದರು.)

ಈಗ ಟಾರ್ಗೆಟ್. ಏಳನೇ ಕ್ರಮಾಂಕದಲ್ಲಿ ಬಂದು 8 ಎಸೆತಕ್ಕೆ 25 ಹೊಡೆಯುವವನನ್ನು ಕಂಡರೆ ನಮಗೆಲ್ಲ ಖುಷಿ. ಆದರೆ ಟೂರ್ನಿ ಪೂರ್ತಿ ಯಾರು ಹೆಚ್ಚು ರನ್ ಮಾಡುತ್ತಾರೆ ಅಂತ ಕೇಳಿದರೆ ಆರಂಭಿಕರ ಹೆಸರೇ ಬಾಯಿಗೆ ಬರುತ್ತದೆ, ಯಾಕಂದರೆ ಆಡಲು ಹೆಚ್ಚು ಎಸೆತ ಸಿಗುವುದು ಅವರಿಗೇ. ರಿಸೀವರ್ ವಿಷಯವೂ ಹಾಗೇ. ಒಂದು ತಂಡ ಪಂದ್ಯಕ್ಕೆ 30ರಿಂದ 35 ಸಲ ಪಾಸ್ ಎಸೆಯುತ್ತದೆ. ಅದರಲ್ಲಿ ಕಾಲು ಭಾಗ ಒಬ್ಬನ ಕಡೆಗೇ ಹೋಗುತ್ತಿದ್ದರೆ ಅವನು ಆ ತಂಡದ ಮುಖ್ಯ ರಿಸೀವರ್. ಮೂರರಲ್ಲಿ ಒಂದರ ಹತ್ತಿರ ಹೋದರೆ ಅಂಥವನು ಅಪರೂಪ. 2021ರಲ್ಲಿ ಲಾಸ್ ಏಂಜಲೀಸ್ ರ‍್ಯಾಮ್ಸ್‌ನ ಕೂಪರ್ ಕಪ್ ಹಾಗಿದ್ದ: 191 ಟಾರ್ಗೆಟ್, 145 ಕ್ಯಾಚ್, 1,947 ಯಾರ್ಡ್, 16 ಟಚ್‌ಡೌನ್. ಕ್ಯಾಚ್, ಯಾರ್ಡ್, ಟಚ್‌ಡೌನ್ ಮೂರರಲ್ಲೂ ಮೊದಲಿಗ. 2024ರಲ್ಲಿ ಸಿನ್ಸಿನಾಟಿಯ ಜಮಾರ್ ಚೇಸ್ ಕೂಡ ಮೂರರಲ್ಲೂ ಮೊದಲು ಬಂದ, 175 ಟಾರ್ಗೆಟ್‌ಗಳಿಂದ.

ಕೈಲೆಕ್ಕ ಹೇಗೆ ಮಾಡುತ್ತೇನೆ ಅಂತ ತೋರಿಸುತ್ತೇನೆ. ಇದನ್ನು ಈಗಲೂ ಮಗಳ ಹಳೆಯ ಚೌಕುಳಿ ನೋಟ್‌ಬುಕ್ಕಿನಲ್ಲಿ ಪೆನ್ಸಿಲ್‌ನಲ್ಲೇ ಬರೆಯುತ್ತೇನೆ, ಯಾಕಂದರೆ ಆಗಸ್ಟ್ ಮುಗಿಯುವಷ್ಟರಲ್ಲಿ ಹತ್ತು ಸಲ ಅಳಿಸಿ ಬರೆಯಬೇಕಾಗುತ್ತದೆ. ತಂಡ ಪಂದ್ಯಕ್ಕೆ 32 ಪಾಸ್ ಎಸೆಯುತ್ತದೆ ಅಂದುಕೊಳ್ಳಿ. 17 ಪಂದ್ಯಕ್ಕೆ 544. ನಿಮ್ಮವನಿಗೆ ಶೇ. 25 ಬಂದರೆ 136 ಟಾರ್ಗೆಟ್. ನೂರರಲ್ಲಿ 65 ಹಿಡಿದರೆ 88 ಕ್ಯಾಚ್. ಕ್ಯಾಚಿಗೆ 13 ಯಾರ್ಡ್ ಅಂದರೆ 1,144. ಟಚ್‌ಡೌನಿಗೆ ನಾನು 20 ಟಾರ್ಗೆಟ್ಟಿಗೆ ಒಂದು ಅಂತ ಹಿಡಿಯುತ್ತೇನೆ, ಅಲ್ಲಿಗೆ 7. ಒಟ್ಟು ಪಿಪಿಆರ್ 244.4. ಈಗ ಅದೇ ತಂಡಕ್ಕೆ ಇನ್ನೊಬ್ಬ ಒಳ್ಳೆಯ ರಿಸೀವರ್ ಬಂದ, ನಿಮ್ಮವನ ಪಾಲು ಶೇ. 21ಕ್ಕೆ ಇಳಿಯಿತು ಅನ್ನಿ. 114 ಟಾರ್ಗೆಟ್, 74 ಕ್ಯಾಚ್, 962 ಯಾರ್ಡ್, 6 ಟಚ್‌ಡೌನ್, ಒಟ್ಟು 206.2. ಆಟಗಾರ ಅವನೇ, ಕೈ ಅದೇ, ಓಟ ಅದೇ. ಆದರೂ 38 ಪಾಯಿಂಟ್ ಹೋಯಿತು. ಪಟ್ಟಿಯಲ್ಲಿ ಅದು ಹದಿನೈದನೆಯವನಿಗೂ ಮೂವತ್ತನೆಯವನಿಗೂ ಇರುವ ಅಂತರ ಆಗಿಬಿಡಬಹುದು. ಅದಕ್ಕೇ ಬೇಸಿಗೆಯಲ್ಲಿ ಯಾರು ಯಾವ ತಂಡಕ್ಕೆ ಹೋದರು ಅನ್ನುವ ಸುದ್ದಿಯನ್ನು ನಾನು ಅಷ್ಟು ಗಮನವಿಟ್ಟು ಓದುವುದು.

ಶೇ. 65 ಎಲ್ಲರಿಗೂ ಹೊಂದುವುದಿಲ್ಲ. ಮಧ್ಯದಲ್ಲಿ ನಿಂತು ಚಿಕ್ಕ ಚಿಕ್ಕ ಪಾಸ್ ಹಿಡಿಯುವ ಸ್ಲಾಟ್ ರಿಸೀವರ್‌ಗೆ 70ರ ಮೇಲೆ ಇಡಿ, ಕ್ಯಾಚಿನ ಯಾರ್ಡ್ ಕಡಿಮೆ ಮಾಡಿ. ಅಂಚಿನಲ್ಲಿ ಉದ್ದ ಓಡುವವನಿಗೆ 55, ಆದರೆ ಕ್ಯಾಚಿಗೆ 15-16 ಯಾರ್ಡ್. ಎರಡನೇ ಥರದವರು ಒಂದು ವಾರ 28 ಪಾಯಿಂಟ್, ಮರುವಾರ 4 ತರುತ್ತಾರೆ. ತಂಡದಲ್ಲಿ ಅಂಥವನು ಒಬ್ಬನಿರಲಿ, ಮೂವರು ಬೇಡ. ಪಂದ್ಯವಾರು ಟಾರ್ಗೆಟ್ ಅಂಕಿಗಳು ಪ್ರೊ ಫುಟ್‌ಬಾಲ್ ರೆಫರೆನ್ಸ್ ಸೈಟಿನಲ್ಲಿ ಪುಕ್ಕಟೆ ಸಿಗುತ್ತವೆ.

ಟಚ್‌ಡೌನ್ ನೋಡಿ ಮರುಳಾಗಬೇಡಿ ಅಂತ ಯಾಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆ ಅಂದರೆ, ನಾನು ಸೇರಿದ ಮೊದಲ ವರ್ಷವೇ ಅದನ್ನು ಕಣ್ಣಾರೆ ಕಂಡೆ. 2012ರಲ್ಲಿ ಡೆಟ್ರಾಯ್ಟ್‌ನ ಕ್ಯಾಲ್ವಿನ್ ಜಾನ್ಸನ್ 1,964 ಯಾರ್ಡ್ ಗಳಿಸಿದ. 1995ರಿಂದ ಉಳಿದಿದ್ದ ಜೆರ್ರಿ ರೈಸ್‌ನ 1,848ರ ದಾಖಲೆ ಮುರಿದ. 122 ಕ್ಯಾಚ್, 200ಕ್ಕೂ ಹೆಚ್ಚು ಟಾರ್ಗೆಟ್. ಟಚ್‌ಡೌನ್? ಐದೇ ಐದು. ಗೆರೆಯ ಹತ್ತಿರ ಹತ್ತಿರ ಹೋಗಿ ಬೀಳುತ್ತಿದ್ದ. ಅದರ ಹಿಂದಿನ ವರ್ಷ ಅವನಿಗೆ 16 ಟಚ್‌ಡೌನ್ ಇದ್ದವು. ಮುಂದಿನ ವರ್ಷ ಯಾರ್ಡ್ 1,492ಕ್ಕೆ ಇಳಿಯಿತು, ಟಚ್‌ಡೌನ್ 12ಕ್ಕೆ ಏರಿತು. ಇದರಲ್ಲಿ ಅವನ ಆಟ ಕೆಟ್ಟದ್ದೂ ಇಲ್ಲ, ಸುಧಾರಿಸಿದ್ದೂ ಇಲ್ಲ. ಟಚ್‌ಡೌನ್ ವರ್ಷದಿಂದ ವರ್ಷಕ್ಕೆ ಹಾಗೇ ಏರುಪೇರಾಗುತ್ತದೆ. ಟಾರ್ಗೆಟ್ ಅಷ್ಟೊಂದು ಏರುಪೇರಾಗುವುದಿಲ್ಲ. ಹಾಗಾಗಿ ಹೋದ ವರ್ಷ 80 ಟಾರ್ಗೆಟ್ಟಿಗೆ 11 ಟಚ್‌ಡೌನ್ ಹೊಡೆದವನ ಹೆಸರನ್ನು ನಾನು ಕೆಳಗೆ ತರುತ್ತೇನೆ. 140 ಟಾರ್ಗೆಟ್ಟಿಗೆ 3 ಟಚ್‌ಡೌನ್ ಆದವನನ್ನು ಎಲ್ಲರಿಗಿಂತ ಒಂದು ಸುತ್ತು ಮುಂಚೆ ತೆಗೆದುಕೊಳ್ಳುತ್ತೇನೆ. ಲೀಗ್‌ಗಳಲ್ಲಿ ಅಗ್ಗಕ್ಕೆ ಸಿಗುವ ಒಳ್ಳೆಯ ಸರಕು ಅಂದರೆ ಇದೇ.

ಕೂಪರ್ ಕಪ್ ಕಥೆಯೇ ನೋಡಿ. 2020ರಲ್ಲಿ ಅವನಿಗೆ 92 ಕ್ಯಾಚ್, 974 ಯಾರ್ಡ್, 3 ಟಚ್‌ಡೌನ್. ಆ ಮೂರನ್ನು ನೋಡಿ ಜನ ಅವನನ್ನು ಕೆಳಗಿಟ್ಟರು. ಅಷ್ಟರಲ್ಲಿ ರ‍್ಯಾಮ್ಸ್ ತಂಡ ಕ್ವಾರ್ಟರ್‌ಬ್ಯಾಕನ್ನು, ಅಂದರೆ ಪಾಸ್ ಎಸೆಯುವವನನ್ನು, ಬದಲಾಯಿಸಿ, ಡೆಟ್ರಾಯ್ಟ್‌ನಿಂದ ಮ್ಯಾಥ್ಯೂ ಸ್ಟ್ಯಾಫರ್ಡ್‌ನನ್ನು ತಂದಿತ್ತು. ಮುಂದೆ ಆದದ್ದು ಮೇಲೆಯೇ ಹೇಳಿದ್ದೇನೆ. ಕ್ವಾರ್ಟರ್‌ಬ್ಯಾಕ್ ಇಲ್ಲದೆ ರಿಸೀವರ್ ಇಲ್ಲ. ಇದರ ಇನ್ನೊಂದು ಮುಖ ಮಯಾಮಿಯ ಟೈರೀಕ್ ಹಿಲ್. 2023ರಲ್ಲಿ 1,799 ಯಾರ್ಡ್, 13 ಟಚ್‌ಡೌನ್, ಆ ವರ್ಷ ಯಾರ್ಡಿನಲ್ಲಿ ಅವನೇ ಮೊದಲು. 2024ರಲ್ಲಿ ಡ್ರಾಫ್ಟಿನ ಮೊದಲ ಸುತ್ತಿನಲ್ಲೇ ಅವನನ್ನು ಎತ್ತಿಕೊಂಡರು. ಎರಡನೇ ವಾರ ಕ್ವಾರ್ಟರ್‌ಬ್ಯಾಕ್ ಟುವಾ ಟಾಗೊವೈಲೋವಾ ತಲೆಗೆ ಪೆಟ್ಟು ಬಿದ್ದು ಹೊರಗುಳಿದ, ಇಡೀ ಸೀಸನ್ ಆಡಿದ್ದು 11 ಪಂದ್ಯ. ಹಿಲ್ 959 ಯಾರ್ಡಿಗೆ ನಿಂತ. ವಯಸ್ಸೂ 30 ಆಗಿತ್ತು, ವೇಗವನ್ನೇ ನಂಬಿದವನಿಗೆ ಅದೂ ಲೆಕ್ಕಕ್ಕೆ ಬರುತ್ತದೆ.

ಹಾಗಂತ ಕ್ವಾರ್ಟರ್‌ಬ್ಯಾಕ್ ಕೆಟ್ಟವನು ಅಂತ ರಿಸೀವರ್‌ನನ್ನು ಪಟ್ಟಿಯಿಂದಲೇ ತೆಗೆಯಬೇಡಿ. ನ್ಯೂಯಾರ್ಕ್ ಜೈಂಟ್ಸ್ ಆಟ ನಮ್ಮ ಪಕ್ಕದ ಮೆಡೋಲ್ಯಾಂಡ್ಸ್‌ನಲ್ಲೇ ನಡೆಯುವುದು, 2024ರಲ್ಲಿ ಅದನ್ನು ನೋಡಿ ಹೊಟ್ಟೆ ಉರಿಯದವರಿಲ್ಲ. ಡೇನಿಯಲ್ ಜೋನ್ಸ್‌ನನ್ನು ನವೆಂಬರಿನಲ್ಲಿ ಬಿಟ್ಟುಕೊಟ್ಟರು, ಆಮೇಲೆ ಒಬ್ಬರಾದ ಮೇಲೆ ಒಬ್ಬರು ಆಡಿದರು. ಆ ತಂಡದಲ್ಲೇ ಮೊದಲ ವರ್ಷದ ಹುಡುಗ ಮಲಿಕ್ ನೇಬರ್ಸ್ 15 ಪಂದ್ಯಕ್ಕೆ 170 ಟಾರ್ಗೆಟ್ ಪಡೆದು 109 ಕ್ಯಾಚ್, 1,204 ಯಾರ್ಡ್, 7 ಟಚ್‌ಡೌನ್ ಮಾಡಿದ. ಪಿಪಿಆರ್‌ನಲ್ಲಿ 271.4. ಎಸೆಯುವವನು ಯಾರಾದರೂ ಆಗಲಿ, ಪಂದ್ಯಕ್ಕೆ 11 ಸಲ ಒಬ್ಬನ ಕಡೆಗೇ ಎಸೆದರೆ ಪಾಯಿಂಟ್ ಬಂದೇ ಬರುತ್ತದೆ.

ಹೊಸಬರ ಹೆಸರು ಪಟ್ಟಿಯಲ್ಲಿ ಎಲ್ಲಿಡಬೇಕು ಅನ್ನೋದು ಕಷ್ಟದ ವಿಷಯ. ಹೋದ ವರ್ಷದ ಅಂಕಿಯೇ ಇರುವುದಿಲ್ಲವಲ್ಲ. ನಾನು ಅವರನ್ನು ಮಧ್ಯದ ಸುತ್ತುಗಳಿಗೆ ಇಟ್ಟುಕೊಂಡು, ಸೀಸನ್ ಶುರುವಾದ ಮೇಲೆ ಕಣ್ಣಿಡುತ್ತೇನೆ. 2023ರಲ್ಲಿ ರ‍್ಯಾಮ್ಸ್‌ನ ಪುಕಾ ನಾಕುವಾ ಎನ್‌ಎಫ್‌ಎಲ್ ಡ್ರಾಫ್ಟಿನ (ನಿಜವಾದ ತಂಡಗಳು ಹೊಸಬರನ್ನು ಆರಿಸುವ ಡ್ರಾಫ್ಟ್) ಐದನೇ ಸುತ್ತಿನಲ್ಲಿ ಬಂದವನು, 177ನೇ ಆಯ್ಕೆ. ಕಪ್ ಗಾಯಗೊಂಡು ಕೂತಿದ್ದ. ಮೊದಲ ಪಂದ್ಯದಲ್ಲಿ ಈ ಹುಡುಗನಿಗೆ 15 ಟಾರ್ಗೆಟ್, ಎರಡನೆಯದರಲ್ಲಿ 20. ಎರಡರಲ್ಲೂ ಒಂದು ಟಚ್‌ಡೌನೂ ಇಲ್ಲ. ಮೊದಲ ಪಂದ್ಯ ಮುಗಿದ ರಾತ್ರಿ ಟಚ್‌ಡೌನ್ ಕಾಲಂ ನೋಡಿದವರು ಪುಟ ಮಗುಚಿದರು, ಟಾರ್ಗೆಟ್ ಕಾಲಂ ನೋಡಿದವರು ಅವನನ್ನು ತಂಡಕ್ಕೆ ಸೇರಿಸಿಕೊಂಡರು. ವರ್ಷದ ಕೊನೆಗೆ 105 ಕ್ಯಾಚ್, 1,486 ಯಾರ್ಡ್, ಹೊಸಬರ ದಾಖಲೆ.

ಇನ್ನೊಂದು, ಹೋದ ವರ್ಷದ ಒಟ್ಟು ಅಂಕಿಯನ್ನೇ ನೋಡಬೇಡಿ, ಕೊನೆಯ ಆರು ಪಂದ್ಯಗಳನ್ನು ಬೇರೆ ತೆಗೆದು ನೋಡಿ. ಡೆಟ್ರಾಯ್ಟ್‌ನ ಅಮನ್-ರಾ ಸೇಂಟ್ ಬ್ರೌನ್ 2021ರಲ್ಲಿ ಒಟ್ಟು 912 ಯಾರ್ಡ್ ಮಾಡಿದ, ನೋಡಲು ಸಾಧಾರಣ. ಆದರೆ ಕೊನೆಯ ಆರು ಪಂದ್ಯದಲ್ಲೇ 51 ಕ್ಯಾಚ್, 560 ಯಾರ್ಡ್, 5 ಟಚ್‌ಡೌನ್ ಇದ್ದವು. ಆ ಡಿಸೆಂಬರಿನಲ್ಲಿ ಅವನು ಯಾರ ತಂಡದಲ್ಲೂ ಇಲ್ಲದಾಗ ನಾನು ಎತ್ತಿಕೊಂಡೆ, ಮುಂದಿನ ವರ್ಷ ಡ್ರಾಫ್ಟಿನಲ್ಲೂ ಬಿಡಲಿಲ್ಲ. 2022ರಲ್ಲಿ 106 ಕ್ಯಾಚ್, 1,161 ಯಾರ್ಡ್.

ಬೈ ವೀಕ್ (ತಂಡಕ್ಕೆ ಪಂದ್ಯವಿಲ್ಲದ ವಾರ), ಗಾಯದ ಚರಿತ್ರೆ ಇವೆಲ್ಲ ಇಬ್ಬರು ಸಮ ಬಂದಾಗ ತಕ್ಕಡಿಗೆ ಹಾಕಿ ಸಾಕು. ತೊಡೆಯ ಹಿಂದಿನ ಸ್ನಾಯು ಪದೇ ಪದೇ ಎಳೆದುಕೊಳ್ಳುವವನ ಬಗ್ಗೆ ಮಾತ್ರ ನಾನು ಸ್ವಲ್ಪ ಹಿಂಜರಿಯುತ್ತೇನೆ.

ಕೊನೆಗೆ ಪಟ್ಟಿ. 1, 2, 3 ಅಂತ ನಂಬರ್ ಹಾಕಿಕೊಂಡು ಹೋಗಬೇಡಿ. ನಿಮ್ಮ ಲೆಕ್ಕದಲ್ಲಿ 244 ಬಂದವನಿಗೂ 241 ಬಂದವನಿಗೂ ವ್ಯತ್ಯಾಸವೇ ಇಲ್ಲ. ಹತ್ತಿರ ಹತ್ತಿರ ಇರುವವರನ್ನು ಒಂದೊಂದು ಗುಂಪು ಮಾಡಿ, ಅಂತರ ದೊಡ್ಡದಾದ ಕಡೆ ಒಂದು ಗೆರೆ ಎಳೆಯಿರಿ. ನನ್ನ ನೋಟ್‌ಬುಕ್ಕಿನಲ್ಲಿ ಸಾಮಾನ್ಯವಾಗಿ ಮೊದಲ ಗುಂಪಿನಲ್ಲಿ ನಾಲ್ಕೈದು ಹೆಸರು, ಎರಡನೆಯದರಲ್ಲಿ ಎಂಟು, ಆಮೇಲೆ ಗುಂಪು ದೊಡ್ಡದಾಗುತ್ತಾ ಹೋಗುತ್ತದೆ. 12 ಜನ, ತಲಾ 3 ರಿಸೀವರ್ ಆಡಿಸುವ ಲೀಗ್ ಆದರೆ 36ನೆಯವನ ಅಂದಾಜು ಪಾಯಿಂಟನ್ನು ಅಂಚಿನಲ್ಲಿ ಬರೆದುಕೊಳ್ಳಿ. ಅದು 170 ಆದರೆ, 244ರವನು ನಿಮಗೆ ತರುವ ನಿಜವಾದ ಲಾಭ 74. ರನ್ನಿಂಗ್ ಬ್ಯಾಕ್‌ಗಳಿಗೂ ಹೀಗೇ ಲೆಕ್ಕ ಹಾಕಿದ್ದರೆ ಎರಡು ಪಟ್ಟಿಯನ್ನೂ ಅಕ್ಕಪಕ್ಕ ಇಟ್ಟು ನೋಡಬಹುದು.

ಡ್ರಾಫ್ಟ್ ದಿನ ಹೆಸರುಗಳು ಹೋದಂತೆ ಪೆನ್ಸಿಲ್‌ನಲ್ಲಿ ಹೊಡೆದುಹಾಕುತ್ತಾ ಬನ್ನಿ. ನಿಮ್ಮ ಸರದಿ ಬಂದಾಗ ರಿಸೀವರ್‌ಗಳ ಆ ಗುಂಪಿನಲ್ಲಿ ಇನ್ನೂ ಆರು ಜನ ಇದ್ದರೆ ಅವಸರ ಬೇಡ, ರನ್ನಿಂಗ್ ಬ್ಯಾಕ್ ತಗೊಳ್ಳಿ, ಸರದಿ ತಿರುಗಿ ಬರುವಷ್ಟರಲ್ಲಿ ಆ ಆರರಲ್ಲಿ ಒಬ್ಬನಾದರೂ ಉಳಿದಿರುವ ಸಾಧ್ಯತೆ ಹೆಚ್ಚು. ಒಬ್ಬನೇ ಉಳಿದಿದ್ದರೆ, ಪಕ್ಕದವರು ಏನೇ ಹೇಳಲಿ, ಅವನನ್ನೇ ಎತ್ತಿಕೊಳ್ಳಿ.