ಬೆಕ್ಕು ಟ್ರೇನಲ್ಲಿ ಕೂತು ತಿಣುಕ್ತಿದ್ರೆ ಮೊದ್ಲು ಉಚ್ಚೆ ಚೆಕ್ ಮಾಡಿ

ಪ್ರಶ್ನೆ: ಡಾಕ್ಟ್ರೇ ನಮಸ್ತೆ. ನಮ್ಮ ಚಿಂಟೂಗೆ 11 ವರ್ಷ, ಗಂಡು, ಸಂತಾನಹರಣ ಆಪರೇಷನ್ ಆಗಿದೆ. ಮೂರು ದಿನದಿಂದ ಕಕ್ಕ ಮಾಡಿಲ್ಲ. ಟ್ರೇಗೆ ಹೋಗ್ತಾನೆ, ಬೆನ್ನು ಗೂನು ಮಾಡ್ಕೊಂಡು ಕೂತು ತಿಣುಕ್ತಾನೆ, ಏನೂ ಬರಲ್ಲ, ಎದ್ದು ಬಂದು ಮತ್ತೆ ಹೋಗ್ತಾನೆ. ಮೊದ್ಲಿಂದ್ಲೂ ಡ್ರೈ ಫುಡ್ಡೇ ತಿನ್ನೋದು, ನೀರು ಕುಡಿಯೋದು ಅಷ್ಟಕ್ಕಷ್ಟೆ. ಚಿಕ್ಕವನಿದ್ದಾಗ ಗಾಡಿ ಗುದ್ದಿ ಸೊಂಟಕ್ಕೆ ಏಟಾಗಿತ್ತು, ತಾನಾಗೇ ವಾಸಿ ಆಯ್ತು. ಈಗ ಒಬ್ರು ಹರಳೆಣ್ಣೆ ಕುಡ್ಸಿ ಅಂತಾರೆ, ಇನ್ನೊಬ್ರು ಮನುಷ್ಯರ ಎನಿಮಾ ಹಾಕಿ ಅಂತಾರೆ, ಹಾಲು ಕೊಟ್ರೆ ಸಾಕು ಅಂತ ಮತ್ತೊಬ್ರು. ಏನ್ ಮಾಡ್ಲಿ?

ಉತ್ತರ: ಮೂರನ್ನೂ ಮಾಡ್ಬೇಡಿ. ಯಾಕೆ ಅಂತ ಆಮೇಲೆ ಹೇಳ್ತೀನಿ, ಅದಕ್ಕಿಂತ ಮುಂಚೆ ಎದ್ದು ಹೋಗಿ ಟ್ರೇ ನೋಡ್ಕೊಂಡು ಬನ್ನಿ, ಇವತ್ತು ಉಚ್ಚೆ ಮಾಡಿದಾನಾ? ಗಂಡು ಬೆಕ್ಕುಗಳಿಗೆ ಮೂತ್ರನಾಳ ತುಂಬಾ ಸಣ್ಣ, ಅದು ಕಟ್ಕೊಂಡ್ರೂ ಹೀಗೇ ಕೂತು ತಿಣುಕ್ತವೆ, ನೋಡೋರಿಗೆ ಮಲಬದ್ಧತೆ ಅಂತಾನೇ ಅನ್ಸುತ್ತೆ. ಟ್ರೇನಲ್ಲಿ ಉಚ್ಚೆಗೆ ಮರಳು ಅಂಟಿ ಆಗೋ ಒದ್ದೆ ಗಡ್ಡೆಗಳು ದಿನಾ ಕಾಣೋ ಸೈಜಿನಲ್ಲೇ ಇದ್ರೆ ಸರಿ. ಹನಿ ಹನಿ ಬಿದ್ದಿದ್ರೆ, ಇಲ್ಲಾ ಪೂರ್ತಿ ಒಣಗಿದ್ರೆ, ಆ ಜಾಗನೇ ನೆಕ್ತಾ ಕೂತಿದ್ರೆ, ಕೂಗ್ತಿದ್ರೆ, ಈ ಉತ್ತರ ಇಲ್ಲಿಗೇ ಬಿಟ್ಟು ಈಗ್ಲೇ ಆಸ್ಪತ್ರೆಗೆ ಹೊರಡಿ, ರಾತ್ರಿ ಆಗಿದ್ರೂ ಸರಿ. ಉಚ್ಚೆ ಕಟ್ಟಿದ್ರೆ ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹಾರ್ಟೇ ನಿಂತೋಗುತ್ತೆ, ಒಂದೆರಡು ದಿನದಲ್ಲೇ ಜೀವ ಹೋಗಬಹುದು.

ಉಚ್ಚೆ ಸರಿಯಾಗಿ ಹೋಗ್ತಿದೆ ಅಂದ್ಕೊಳೋಣ. ಸಾಮಾನ್ಯವಾಗಿ ಬೆಕ್ಕು ದಿನಕ್ಕೊಂದ್ಸಲ ಹೋಗುತ್ತೆ, ಒಂದು ದಿನ ತಪ್ಪಿದ್ರೆ ಗಾಬರಿ ಬೇಡ, ಆದ್ರೆ 48 ಗಂಟೆ ದಾಟಿದ್ರೆ ಡಾಕ್ಟ್ರಿಗೆ ಫೋನ್ ಮಾಡ್ಬೇಕು, ನಿಮ್ದು ಮೂರು ದಿನ ಆಗಿದೆ ಅದೂ ತಿಣುಕ್ತಾ ಇದಾನೆ, ಹಾಗಾಗಿ ಇವತ್ತೇ ತೋರಿಸ್ಬೇಕು, ನಾಳೆ ನೋಡೋಣ ಅನ್ನೋ ಕೇಸ್ ಅಲ್ಲ. ವಾಂತಿ ಶುರುವಾದ್ರೆ ಅಥವಾ ಊಟ ಬಿಟ್ರೆ ಅಂತೂ ಒಂದು ಗಂಟೆನೂ ಕಾಯ್ಬೇಡಿ. ದೊಡ್ಡ ಕರುಳಿನ ಕೆಲಸನೇ ನೀರು ಹೀರ್ಕೊಳೋದು, ಕಕ್ಕ ಎಷ್ಟು ಹೊತ್ತು ಒಳಗೆ ಕೂರುತ್ತೋ ಅಷ್ಟು ಒಣಗುತ್ತೆ, ಒಣಗಿದಷ್ಟೂ ನೋವು, ನೋವಾದ್ರೆ ಬೆಕ್ಕು ಇನ್ನೂ ತಡ್ಕೊಳುತ್ತೆ. ಹೀಗೇ ತಿಂಗಳುಗಟ್ಲೆ ನಡೆದ್ರೆ ಕರುಳು ಹಿಗ್ಗಿ ಬಲಾನೇ ಕಳ್ಕೊಳುತ್ತೆ, ಮೆಗಾಕೋಲನ್ ಅಂತಾರೆ, ಆಮೇಲೆ ಜೀವನಪೂರ್ತಿ ಔಷಧಿ, ಕೆಲವಕ್ಕೆ ಕರುಳಿನ ಭಾಗ ತೆಗೆಯೋ ಆಪರೇಷನ್ನೇ ಬೇಕಾಗುತ್ತೆ.

ಈಗ ಆ ಮೂರು ಸಲಹೆ. ಎಣ್ಣೆ ಬಲವಂತವಾಗಿ ಬಾಯಿಗೆ ಸುರಿದ್ರೆ ಶ್ವಾಸಕೋಶಕ್ಕೆ ಇಳಿಯೋ ಅಪಾಯ ಇದೆ, ಮೆಡಿಕಲ್‌ನಲ್ಲಿ ಮಲಬದ್ಧತೆಗೆ ಅಂತ ಸಿಗೋ ಲಿಕ್ವಿಡ್ ಪ್ಯಾರಾಫಿನ್ ಎಣ್ಣೆಗಂತೂ ರುಚಿ ಇಲ್ಲ ವಾಸನೆ ಇಲ್ಲ, ಗಂಟಲಿಗೆ ಹೋಗಿದ್ದು ಬೆಕ್ಕಿಗೆ ಗೊತ್ತಾಗೋದೂ ಇಲ್ಲ ಕೆಮ್ಮೋದೂ ಇಲ್ಲ, ನ್ಯುಮೋನಿಯಾ ಆಗುತ್ತೆ. ಎನಿಮಾ ಇನ್ನೂ ಕೆಟ್ಟದ್ದು. ಮನುಷ್ಯರಿಗೆ ಅಂತ ಸಿಗೋ ರೆಡಿಮೇಡ್ ಎನಿಮಾಗಳಲ್ಲಿ ಬಹಳಷ್ಟರಲ್ಲಿ ಸೋಡಿಯಂ ಫಾಸ್ಫೇಟ್ ಇರುತ್ತೆ, ಬೆಕ್ಕಿನ ರಕ್ತದಲ್ಲಿ ಫಾಸ್ಫರಸ್ ದಿಢೀರ್ ಏರಿ ಕ್ಯಾಲ್ಸಿಯಂ ಇಳಿದು ಫಿಟ್ಸ್ ಬಂದು ಸತ್ತೇ ಹೋಗಬಹುದು, ಒಂದೇ ಡೋಸ್ ಸಾಕು. ಹಾಲು ಕುಡಿಸಿದ್ರೆ ದೊಡ್ಡ ಬೆಕ್ಕುಗಳಿಗೆ ಬಹಳ ಸಲ ಅರಗಲ್ಲ, ಹೊಟ್ಟೆ ಉಬ್ಬರಿಸುತ್ತೆ, ಗಟ್ಟಿಯಾಗಿ ಕೂತಿರೋದು ಅಲ್ಲೇ ಇರುತ್ತೆ.

ನೀವು ಮಧ್ಯೆ ಸುಮ್ನೆ ಹೇಳಿ ಹೋದ್ರಲ್ಲ ಗಾಡಿ ಗುದ್ದಿತ್ತು ಅಂತ, ನನ್ನ ತಲೆ ಪೂರ್ತಿ ಅಲ್ಲೇ ಇದೆ. ಸೊಂಟದ ಮೂಳೆ ಮುರಿದು ವಕ್ರವಾಗಿ ಕೂಡ್ಕೊಂಡಿದ್ರೆ ಕಕ್ಕ ಹೊರಗೆ ಬರೋ ದಾರಿನೇ ಕಿರಿದಾಗಿರುತ್ತೆ, ಮೆತ್ತಗಿರೋ ತನಕ ಹೇಗೋ ನಡೆಯುತ್ತೆ, ಸ್ವಲ್ಪ ಗಟ್ಟಿಯಾದ್ರೆ ಸಿಕ್ಕಾಕೊಳುತ್ತೆ. ಡಾಕ್ಟ್ರ ಹತ್ರ ಹೋದಾಗ ಈ ವಿಷ್ಯನ ಮೊದ್ಲೇ ಹೇಳಿ, ಎಕ್ಸ್‌ರೇ ತೆಗೆದ್ರೆ ದಾರಿ ಎಷ್ಟಿದೆ, ಒಳಗೆ ಎಷ್ಟು ತುಂಬಿದೆ ಎರಡೂ ಕಾಣುತ್ತೆ. ಜೊತೆಗೆ 11 ವರ್ಷ ಅಂದ್ರೆ ಕಿಡ್ನಿ ಟೆಸ್ಟ್ ಮಾಡಿಸ್ಲೇಬೇಕು, ಕಿಡ್ನಿ ಸೋತಿರೋ ಬೆಕ್ಕಿನ ಮೈಯಲ್ಲಿ ನೀರು ನಿಲ್ಲಲ್ಲ, ಮಲಬದ್ಧತೆಗೆ ಅದೂ ದೊಡ್ಡ ಕಾರಣ. ಮೊಣಕಾಲು ಸೊಂಟ ನೋವಿದ್ರೆ ಎತ್ತರದ ಟ್ರೇ ಹತ್ತೋಕೇ ಬೇಜಾರು ಮಾಡ್ಕೊಳುತ್ತೆ, ಒಂದು ಸೈಡ್ ತಗ್ಗಾಗಿರೋ ಟ್ರೇ ಇಡಿ.

ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿ, ಬೇಕಾದ್ರೆ ಬೆಕ್ಕಿಗೆ ಆಗೋಂಥ ಎನಿಮಾ ಕೊಟ್ಟು ಖಾಲಿ ಮಾಡಿಸ್ತಾರೆ. ಮನೆಗೆ ಲ್ಯಾಕ್ಟುಲೋಸ್ ಸಿರಪ್ ಅಥವಾ ಪಾಲಿಎಥಿಲೀನ್ ಗ್ಲೈಕಾಲ್ ಪುಡಿ ಬರ್ದು ಕೊಡಬಹುದು, ಎರಡೂ ಕರುಳಲ್ಲಿ ನೀರು ಉಳಿಸಿ ಕಕ್ಕ ಮೆತ್ತಗೆ ಮಾಡ್ತವೆ. ಸಿರಪ್ ಅಂಟಂಟು, ಸಿಹಿ, ಹೆಚ್ಚಿನ ಬೆಕ್ಕುಗಳು ಉಗಿದು ನಿಮ್ಮ ಬಟ್ಟೆಗೇ ಹಚ್ತವೆ, ಪುಡಿ ರುಚಿ ಇಲ್ದೇ ಇರೋದ್ರಿಂದ ಊಟದಲ್ಲಿ ಸೇರಿಸಿದ್ರೆ ಗೊತ್ತಾಗಲ್ಲ, ನಂಗೆ ಕೇಳಿದ್ರೆ ಪುಡಿನೇ ವಾಸಿ. ಡೋಸ್ ಮಾತ್ರ ಅವ್ರು ಹೇಳಿದಷ್ಟೇ.

ಇದೆಲ್ಲ ಆದ್ಮೇಲೆ ನಿಮ್ಮ ಕೆಲಸ ಅಂದ್ರೆ ನೀರು. ಡ್ರೈ ಫುಡ್‌ನಲ್ಲಿ ನೀರು ಸುಮಾರು 10 ಪರ್ಸೆಂಟ್ ಇದ್ರೆ ವೆಟ್ ಫುಡ್‌ನಲ್ಲಿ 75ರಿಂದ 80, ನಾಲ್ಕು ಕೆಜಿ ಬೆಕ್ಕಿಗೆ ಊಟದಲ್ಲಿರೋದೂ ಸೇರಿ ದಿನಕ್ಕೆ ಸುಮಾರು 200 ಎಂಎಲ್ ಬೇಕು, ಈಗ ನೀವೇ ಲೆಕ್ಕ ಹಾಕಿ. ಡ್ರೈ ಫುಡ್‌ನಿಂದ ವೆಟ್ ಫುಡ್‌ಗೆ ಒಂದೇ ದಿನದಲ್ಲಿ ಬದಲಾಯಿಸ್ಬೇಡಿ, ಊಟನೇ ಬಿಟ್ಟುಬಿಡ್ತಾನೆ, ವೆಟ್ ಫುಡ್ ಒಂದೊಂದು ಚಮಚ ಹೆಚ್ಚಿಸ್ತಾ ಹೋಗಿ, ಮೇಲೆ ಇಷ್ಟು ಬೆಚ್ಚಗಿನ ನೀರೂ ಬೆರೆಸಿ. ನೀರಿನ ಬಟ್ಟಲು ಅಗಲವಾಗಿರ್ಲಿ, ಎರಡ್ಮೂರು ಜಾಗದಲ್ಲಿಡಿ, ಟ್ರೇ ಪಕ್ಕ ಮಾತ್ರ ಬೇಡ. ನಾರು ಅಂತ ಬೇಯಿಸಿದ ಕುಂಬಳಕಾಯಿನೋ ಇಸಬ್‌ಗೋಲೋ ಕೊಡೋಕೆ ಈಗ್ಲೇ ಹೋಗ್ಬೇಡಿ, ಕೆಲವು ಬೆಕ್ಕುಗಳಿಗೆ ಅದು ಒಳ್ಳೇದೇ, ಆದ್ರೆ ದಾರಿ ಕಿರಿದಾಗಿದ್ರೆ, ಮೈಯಲ್ಲಿ ನೀರಿಲ್ದಿದ್ರೆ ಗಾತ್ರ ಹೆಚ್ಚಾಗಿ ಇನ್ನೂ ಬಿಗಿಯುತ್ತೆ, ಎಕ್ಸ್‌ರೇ ನೋಡಿ ಡಾಕ್ಟ್ರು ಹೇಳ್ಲಿ.

ಪ್ರಶ್ನೆ: ನಮ್ಮ ಬೆಕ್ಕು ಎರಡು ದಿನದಿಂದ ತಿಣುಕಿ ತಿಣುಕಿ ಒಂಚೂರು ನೀರ್ ನೀರಾಗಿ ಹೋಗ್ತಿದೆ. ಮನೇಲಿ ಭೇದಿ ನಿಲ್ಸೋ ಮಾತ್ರೆ ಇದೆ, ಅರ್ಧ ಕೊಡ್ಲಾ ಸರ್?

ಉತ್ತರ: ಬೇಡ್ವೇ ಬೇಡ. ಒಳಗೆ ಗಟ್ಟಿ ಉಂಡೆ ಕೂತಿದ್ರೆ ಅದರ ಪಕ್ಕದಿಂದ ಬರೀ ಲೋಳೆ, ನೀರು ಜಿನುಗುತ್ತೆ, ಎಲ್ರೂ ಭೇದಿ ಅಂದ್ಕೋತಾರೆ. ಹಿಂದಿನ ದಿನಗಳಲ್ಲಿ ಆಡಿನ ಹಿಕ್ಕೆ ತರ ಚಿಕ್ಕ ಒಣ ಉಂಡೆ ಹಾಕ್ತಿತ್ತಾ ನೆನಪು ಮಾಡ್ಕೊಳಿ, ಹಾಕ್ತಿತ್ತು ಅಂದ್ರೆ ಅದು ಬಹುಶಃ ಮಲಬದ್ಧತೆನೇ, ನಿಲ್ಸೋ ಮಾತ್ರೆ ಕೊಟ್ರೆ ಕರುಳು ಪೂರ್ತಿ ನಿಂತೋಗುತ್ತೆ. ಹೊಟ್ಟೆ ಮುಟ್ಟಿ ನೋಡ್ದೆ ಯಾರೂ ಖಚಿತವಾಗಿ ಹೇಳಕ್ಕಾಗಲ್ಲ, ಕರ್ಕೊಂಡು ಹೋಗಿ.

ಪ್ರಶ್ನೆ: ಮರಿ ಕಕ್ಕ ಮಾಡಿದ ಮೇಲೆ ಹಿಂದ್ಗಡೆ ದಾರದ ತುದಿ ನೇತಾಡ್ತಿದೆ. ಎಳೆದು ತೆಗೀಲಾ?

ಉತ್ತರ: ಎಳೀಬೇಡಿ. ಆ ದಾರದ ಇನ್ನೊಂದು ತುದಿ ನಾಲಿಗೆ ಬುಡದಲ್ಲೋ ಹೊಟ್ಟೆಯಲ್ಲೋ ಸಿಕ್ಕಿರಬಹುದು, ಎಳೆದ್ರೆ ಕರುಳು ಸುಕ್ಕುಗಟ್ಟಿ ಕೊಯ್ದೋಗುತ್ತೆ. ಉದ್ದ ಇದ್ರೆ ಕಾಲಿಗೆ ಸಿಕ್ಕದ ಹಾಗೆ ತುದಿ ಮಾತ್ರ ಕತ್ತರಿಸಿ, ಮರಿ ಅದನ್ನ ಕಚ್ಚಿ ಎಳೀದಂತೆ ನೋಡ್ಕೊಂಡು ಇವತ್ತೇ ಡಾಕ್ಟ್ರಿಗೆ ತೋರ್ಸಿ.