ಫೋಟೊಗೆ ಕೊಟ್ಟ ನಿಧಾನ ಝೂಮ್ ಅದುರುವುದೇಕೆ, ಸರಿಪಡಿಸುವುದು ಹೇಗೆ?

ಕೊಪ್ಪಳ ಜಿಲ್ಲೆಯ ಇಟಗಿಯ ಮಹಾದೇವ ದೇವಾಲಯದ ಫೋಟೊಗಳನ್ನು ಜೋಡಿಸಿ ವಿಡಿಯೊ ಮಾಡುತ್ತಿರುವುದಾಗಿಯೂ, ಒಂದೊಂದು ಫೋಟೊಗೆ ಹತ್ತು ಸೆಕೆಂಡಿನ ಝೂಮ್ ಕೊಟ್ಟಾಗ ಚಿತ್ರವು ಸರಾಗವಾಗಿ ಹಿಗ್ಗದೆ ಅದುರುತ್ತಾ ಸಾಗುತ್ತದೆಂದೂ ಬರೆದು, ಹೊಸ ಗ್ರಾಫಿಕ್ಸ್ ಕಾರ್ಡ್ ಕೊಳ್ಳಬೇಕೇ ಎಂದು ಕೇಳಿದ್ದೀರಿ. ಬಳ್ಳಾರಿಯಲ್ಲಿ ಮದುವೆ, ಗೃಹಪ್ರವೇಶಗಳ ವಿಡಿಯೊ ಎಡಿಟಿಂಗ್ ಮಾಡುವವನಾಗಿ ಹೇಳುವುದಾದರೆ, ಹಣ ಖರ್ಚು ಮಾಡುವ ಮೊದಲು ನೋಡಬೇಕಾದದ್ದು ಬಹಳಷ್ಟಿದೆ.

ಮೊದಲು ಒಂದೇ ಫೋಟೊದ ಭಾಗವನ್ನು ಎಕ್ಸ್‌ಪೋರ್ಟ್ ಮಾಡಿ, ಸಿದ್ಧವಾದ ಫೈಲನ್ನು ಪ್ಲೇಯರ್‌ನಲ್ಲಿ ನೋಡಿ. 6000×4000 ಅಳತೆಯ ಫೋಟೊದಲ್ಲಿ 2.4 ಕೋಟಿ ಪಿಕ್ಸೆಲ್‌ಗಳಿದ್ದರೆ, 1920×1080 ವಿಡಿಯೊದ ಒಂದು ಫ್ರೇಮಿನಲ್ಲಿರುವುದು ಸುಮಾರು 20.7 ಲಕ್ಷ ಮಾತ್ರ. ಇಷ್ಟು ದೊಡ್ಡ ಚಿತ್ರವನ್ನು ಪ್ರತಿ ಫ್ರೇಮಿಗೂ ಕುಗ್ಗಿಸುವ ಹೊರೆಯಿಂದ ಪ್ರಿವ್ಯೂ (ಎಡಿಟಿಂಗ್ ಮಾಡುವಾಗಲೇ ಕಾಣುವ ಚಿತ್ರ) ಮುಗ್ಗರಿಸುವುದುಂಟು. ಎಕ್ಸ್‌ಪೋರ್ಟ್ ಆದ ಫೈಲ್ ನುಣುಪಾಗಿದ್ದರೆ ನಿಮ್ಮ ಕೆಲಸದಲ್ಲಿ ದೋಷವಿಲ್ಲ. ಪ್ರಿವ್ಯೂ ಗುಣಮಟ್ಟವನ್ನು ಅರ್ಧಕ್ಕೆ ಇಳಿಸಿಕೊಂಡು ಮುಂದುವರಿಯಿರಿ.

ಫೈಲಿನಲ್ಲಿಯೂ ಅದುರುವಿಕೆ ಉಳಿದಿದ್ದರೆ ಕಾರಣ ಹೆಚ್ಚಾಗಿ ಲೆಕ್ಕದಲ್ಲಿರುತ್ತದೆ. ಹತ್ತು ಸೆಕೆಂಡಿನಲ್ಲಿ ಚಿತ್ರ 100ರಿಂದ 105 ಪ್ರತಿಶತಕ್ಕೆ ಹಿಗ್ಗುತ್ತದೆ ಎಂದುಕೊಳ್ಳೋಣ. 1920 ಪಿಕ್ಸೆಲ್ ಅಗಲಕ್ಕೆ 96 ಪಿಕ್ಸೆಲ್ ಸೇರುತ್ತದೆ, ಅಂದರೆ ಎಡಬಲ ಅಂಚುಗಳು 48 ಪಿಕ್ಸೆಲ್‌ಗಳಷ್ಟು ಹೊರಗೆ ಸರಿಯಬೇಕು. ಸೆಕೆಂಡಿಗೆ 25 ಫ್ರೇಮಿನಂತೆ 250 ಫ್ರೇಮುಗಳಿರುವುದರಿಂದ ಪ್ರತಿ ಫ್ರೇಮಿಗೆ ಸರಿಯಬೇಕಾದದ್ದು 0.192 ಪಿಕ್ಸೆಲ್. ಪಿಕ್ಸೆಲ್‌ನ ಭಾಗವನ್ನು ಲೆಕ್ಕಕ್ಕೆ ಹಿಡಿಯದೆ ಪೂರ್ಣಾಂಕಕ್ಕೆ ತಿರುಗಿಸುವ ಸಾಫ್ಟ್‌ವೇರ್‌ನಲ್ಲಿ ಅಂಚು ಸುಮಾರು ಐದು ಫ್ರೇಮು ಕದಲದೆ ನಿಂತು, ನಂತರ ಗೋಡೆ ಗಡಿಯಾರದ ಸೆಕೆಂಡ್ ಮುಳ್ಳಿನಂತೆ ಒಮ್ಮೆಲೇ ಒಂದು ಪಿಕ್ಸೆಲ್ ಜಿಗಿಯುತ್ತದೆ. ಮೇಲೆ ಕೆಳಗೆ ಸರಿಯಬೇಕಾದದ್ದು 27 ಪಿಕ್ಸೆಲ್ ಮಾತ್ರವಾದ್ದರಿಂದ ಆ ಅಂಚುಗಳು ಜಿಗಿಯುವುದು ಸುಮಾರು ಒಂಬತ್ತು ಫ್ರೇಮಿಗೊಮ್ಮೆ. ಅಡ್ಡ ಜಿಗಿತವೂ ಉದ್ದ ಜಿಗಿತವೂ ಬೇರೆ ಬೇರೆ ಹೊತ್ತಿಗೆ ಬೀಳುವುದರಿಂದಲೇ ಇಡೀ ಚಿತ್ರ ನಡುಗಿದಂತೆ ಕಾಣುತ್ತದೆ.

ನುಣುಪಾಗಲೆಂದು ಝೂಮನ್ನು ಇನ್ನೂ ನಿಧಾನಗೊಳಿಸುವುದು ಎಲ್ಲರಿಗೂ ತೋಚುವ ಉಪಾಯ. ಆದರೆ ಇಲ್ಲಿ ಅದರಿಂದ ತೊಂದರೆ ಹೆಚ್ಚುತ್ತದೆ, ಏಕೆಂದರೆ ಎರಡು ಜಿಗಿತಗಳ ನಡುವಿನ ನಿಲುಗಡೆ ಉದ್ದವಾಗುತ್ತದೆ. ಆರಂಭ ಮತ್ತು ಅಂತ್ಯದಲ್ಲಿ ವೇಗ ತಗ್ಗಿಸುವ 'ಈಸ್ ಇನ್', 'ಈಸ್ ಔಟ್' ಆಯ್ಕೆಗಳೂ ಆ ಎರಡು ತುದಿಗಳಲ್ಲಿ ಇದನ್ನೇ ಮಾಡುತ್ತವೆ. ಆದ್ದರಿಂದ ಪರೀಕ್ಷೆಯ ಮಟ್ಟಿಗೆ ಝೂಮಿನ ಆರಂಭ, ಅಂತ್ಯಗಳನ್ನು ಗುರುತಿಸುವ ಕೀಫ್ರೇಮುಗಳನ್ನು 'ಲೀನಿಯರ್' (ಉದ್ದಕ್ಕೂ ಒಂದೇ ವೇಗ) ಮಾಡಿ ನೋಡಿ. ನನ್ನ ಅಭಿಪ್ರಾಯದಲ್ಲಿ ಹತ್ತು ಸೆಕೆಂಡಿಗೆ ಐದು ಪ್ರತಿಶತ ತೀರಾ ಕಡಿಮೆ. ಹದಿನೈದು ಪ್ರತಿಶತ ಕೊಟ್ಟರೆ ಎಡಬಲ ಅಂಚುಗಳು ಫ್ರೇಮಿಗೆ 0.576 ಪಿಕ್ಸೆಲ್ ಸರಿಯುತ್ತವೆ, ನಿಲುಗಡೆಗಳು ಕಣ್ಣಿಗೆ ಅಷ್ಟಾಗಿ ಸಿಗುವುದಿಲ್ಲ.

ನಿಜವಾದ ಪರಿಹಾರವೆಂದರೆ ಜಿಗಿತದ ಅಳತೆಯನ್ನೇ ಕಿರಿದುಗೊಳಿಸುವುದು. ಪ್ರಾಜೆಕ್ಟನ್ನು 3840×2160ರಲ್ಲಿ ತೆರೆದು ಝೂಮ್ ಕೊಟ್ಟು, ಆ ವಿಡಿಯೊವನ್ನು ಕೊನೆಯಲ್ಲಿ 1920×1080ಕ್ಕೆ ಇಳಿಸಿದರೆ ಒಂದು ಪಿಕ್ಸೆಲ್ ಜಿಗಿತ ಅರ್ಧ ಪಿಕ್ಸೆಲ್ ಆಗುತ್ತದೆ. ಆದೇಶ ಬರೆದು ವಿಡಿಯೊ ಸಿದ್ಧಪಡಿಸುವ ಸಾಫ್ಟ್‌ವೇರ್ ಎಫ್‌ಎಫ್‌ಎಂಪೆಗ್‌ನ 'ಝೂಮ್‌ಪ್ಯಾನ್' ಫಿಲ್ಟರ್ ಬಳಸುವವರು ಫೋಟೊವನ್ನೇ ಮೊದಲು 7680 ಪಿಕ್ಸೆಲ್ ಅಗಲಕ್ಕೆ ಹಿಗ್ಗಿಸಿಕೊಳ್ಳಬೇಕು. ಆ ಫಿಲ್ಟರ್ ಕತ್ತರಿಸುವ ಚೌಕಟ್ಟನ್ನು ಮೂಲ ಚಿತ್ರದ ಪೂರ್ಣ ಪಿಕ್ಸೆಲ್‌ಗಳಲ್ಲೇ ಎಣಿಸುವುದರಿಂದ, ಜಿಗಿತ ಕಾಲು ಪಿಕ್ಸೆಲ್‌ಗೆ ಇಳಿಯುತ್ತದೆ. ರೆಂಡರಿಂಗ್‌ಗೆ ಹೆಚ್ಚು ಸಮಯ ಹಿಡಿಯುತ್ತದೆ, ಆದರೆ ಫಲ ಕಣ್ಣಿಗೆ ಕಾಣುತ್ತದೆ. ಶಾಟ್‌ಕಟ್ ಎಂಬ ಎಡಿಟಿಂಗ್ ಸಾಫ್ಟ್‌ವೇರ್ ಬಳಸುತ್ತಿದ್ದರೆ ಎಕ್ಸ್‌ಪೋರ್ಟ್ ವಿಭಾಗದ 'ಇಂಟರ್‌ಪೊಲೇಶನ್' (ಅಳತೆ ಬದಲಾದಾಗ ಪಿಕ್ಸೆಲ್‌ಗಳ ಬಣ್ಣ ಲೆಕ್ಕ ಹಾಕುವ ವಿಧಾನ) ಆಯ್ಕೆ 'ನಿಯರೆಸ್ಟ್ ನೇಬರ್' (ಹತ್ತಿರದ ಒಂದೇ ಪಿಕ್ಸೆಲ್ಲನ್ನು ನಕಲಿಸುವುದು) ಆಗಿರದಂತೆ ನೋಡಿಕೊಳ್ಳಿ.

ಫ್ರೇಮ್ ರೇಟನ್ನೂ ಒಮ್ಮೆ ಪರಿಶೀಲಿಸಿ. ನಮ್ಮ ಕಡೆಯ ಅನೇಕ ಸ್ಟುಡಿಯೊಗಳಲ್ಲಿ ಹಳೆಯ ಟಿವಿ ಪದ್ಧತಿಯ 25 ಫ್ರೇಮು ಇಂದಿಗೂ ರೂಢಿಯಲ್ಲಿದೆ. 25ರ ಟೈಮ್‌ಲೈನನ್ನು 30ಕ್ಕೆ ಎಕ್ಸ್‌ಪೋರ್ಟ್ ಮಾಡಿದರೆ ಸೆಕೆಂಡಿಗೆ ಐದು ಫ್ರೇಮುಗಳು ಎರಡೆರಡು ಬಾರಿ ಬಂದು, ಮೇಲಿನ ಎಲ್ಲ ಶ್ರಮದ ನಂತರವೂ ಚಲನೆ ಕುಂಟುತ್ತದೆ. ಮೊಬೈಲ್‌ನಲ್ಲಿ ನೋಡುವ ವಿಡಿಯೊ ಆದರೆ ಮೊದಲಿನಿಂದಲೇ 30 ಆರಿಸಿಕೊಳ್ಳಿ. ಸೆಕೆಂಡಿಗೆ 60 ಬಾರಿ ಚಿತ್ರ ಬದಲಿಸುವ 60 ಹರ್ಟ್ಸ್ ಪರದೆಗೆ ಅದು ಸಮವಾಗಿ ಹೊಂದುತ್ತದೆ.

ಇಟಗಿಯ ಚಿತ್ರಗಳಾದ್ದರಿಂದ ಇನ್ನೊಂದು ವಿಷಯ ಹೇಳಲೇಬೇಕು. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವನು 1112ರಲ್ಲಿ ಕಟ್ಟಿಸಿದ ಆ ಗುಡಿಯ ಕಡೆದ ಕಂಬಗಳ ತೆಳು ಬಳೆಗಳೂ ಗೋಡೆಯ ಸೂಕ್ಷ್ಮ ಕೆತ್ತನೆಯೂ ಝೂಮ್ ಆಗುವಾಗ ಮಿಣುಗುಟ್ಟುವುದು ಸಹಜ. ಇದು ಜಿಗಿತವಲ್ಲ, ಪರದೆಯ ಪಿಕ್ಸೆಲ್‌ಗಿಂತ ತೆಳುವಾದ ಗೆರೆಗಳು ದೊಡ್ಡ ಫೋಟೊ ಫ್ರೇಮಿನ ಅಳತೆಗೆ ಕುಗ್ಗುವಾಗ ಕಾಣಿಸಿ ಮರೆಯಾಗುವುದರಿಂದ ಆಗುವ ಮಿನುಗು. ಎಕ್ಸ್‌ಪೋರ್ಟ್ 'ಇಂಟರ್‌ಲೇಸ್ಡ್' (ಒಂದು ಬಿಟ್ಟು ಒಂದು ಗೆರೆಯಂತೆ ಚಿತ್ರ ತೋರಿಸುವ ಪದ್ಧತಿ) ಆಗಿದ್ದರೆ ಇದು ಇನ್ನಷ್ಟು ಹೆಚ್ಚುವುದರಿಂದ 'ಪ್ರೋಗ್ರೆಸಿವ್' (ಪೂರ್ಣ ಚಿತ್ರವನ್ನು ಒಟ್ಟಿಗೇ ತೋರಿಸುವ ಪದ್ಧತಿ) ಇರಿಸಿ. ಆಮೇಲೆ ಫೋಟೊ ಎಡಿಟರ್‌ನಲ್ಲಿ ಚಿತ್ರವನ್ನು ಒಳ್ಳೆಯ ವಿಧಾನದಿಂದ, ಪ್ರಾಜೆಕ್ಟಿನ ಅಗಲವನ್ನು ಗರಿಷ್ಠ ಝೂಮ್‌ನಿಂದ ಗುಣಿಸಿದಷ್ಟು ಅಳತೆಗೆ ಇಳಿಸಿಕೊಳ್ಳಿ. 3840ರ ಪ್ರಾಜೆಕ್ಟಿಗೆ ಹದಿನೈದು ಪ್ರತಿಶತ ಝೂಮ್ ಎಂದರೆ 4416 ಪಿಕ್ಸೆಲ್ ಅಗಲ ಸಾಕು. ಆಗಲೂ ಮಿನುಗು ಉಳಿದರೆ ಅತ್ಯಲ್ಪ ಬ್ಲರ್ ಸೇರಿಸಿ, ಆದರೆ ಕೆತ್ತನೆ ಮಂಕಾಗುವಷ್ಟು ಅಲ್ಲ.